ಕೋಟೆಯ ಕಣದಲ್ಲಿ ಹಾಕಿ

ಕೃಷ್ಣರಾಜನಗರದಿಂದ ಹುಣಸೂರಿಗೆ ಹೊರಡುವ ಮೊದಲನೆಯ ಬಸ್ಸಿಗೆ ನಾವು ಆರು ಜನ ಹತ್ತಿದೆವು. ಸಂಕ್ರಾಂತಿ ಕಳೆದು ವಾರವಾಗಿತ್ತಷ್ಟೆ. ಬೆಳಗಿನ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ನಮ್ಮ ಸಾಮಾನು ಹೆಚ್ಚೇನಿಲ್ಲ: ತಲೆಗೊಂದು ಹಾಕಿ ಕೋಲು, ತಲೆಗೊಂದು ಕಂಬಳಿ, ಮತ್ತು ನನ್ನ ಹೊಸ ಬೂಟು. ಬೂಟನ್ನು ಬೇರೆಯಾಗಿ ಹೇಳಲೇಬೇಕು. ನಾನು ಊರಿನ ಹಾಕಿ ತಂಡದ ಗೋಲ್‌ಕೀಪರ್. ಜವಳಿ ಅಂಗಡಿಯಲ್ಲಿ ಕೂತೂ ಕೂತೂ ಬೆಳೆದ ಮೈ. ನಾನು ನಿಂತರೆ ಗೋಲಿನ ಅರ್ಧ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ ಎಂದು ಹುಡುಗರು ಹಾಸ್ಯ ಮಾಡುತ್ತಾರೆ. ಮಾಡಲಿ. ಉಳಿದರ್ಧ ಬಾಗಿಲಿಗೆಂದೇ ಮೈಸೂರಿಗೆ ಹೋಗಿ, ಅಂಗಡಿ ಅಂಗಡಿ ಅಲೆದು, ಈ ಬೂಟು ತಂದಿದ್ದೆ. ಧೂಳಾದೀತೆಂದು ಕಾಲಿಗೆ ಹಾಕದೆ, ಲೇಸುಗಳನ್ನು ಗಂಟು ಹಾಕಿ ಕೊರಳಿಗೆ ತೂಗುಹಾಕಿಕೊಂಡಿದ್ದೆ.

ಕಂಡಕ್ಟರನ ಕಣ್ಣು ಮಾತ್ರ ಕೋಲುಗಳ ಮೇಲೆಯೇ ಇತ್ತು. "ಏನ್ ಸಾವ್ಕಾರ್ರೆ, ಇಷ್ಟೊಂದ್ ದೊಣ್ಣೆ? ಯಾವೂರ್ಗೆ ಓಯ್ತಾ ಇದೀರಿ ಜಗಳಕ್ಕೆ?" ಎಂದ. "ಟಿಕೆಟ್ ಕೊಡಪ್ಪ ನೀನು, ಜಗಳ ಆಮೇಲೆ ಮಾಡೋಣ" ಎಂದು ತಲೆಗೆ ಎಂಟಾಣೆಯಂತೆ ಕೊಟ್ಟು ಕೂತೆ. ನಾಲೆಯ ಪಕ್ಕದ ಗದ್ದೆಗಳಲ್ಲಿ ಕೊಯ್ಲು ಮುಗಿದಿತ್ತು. ದಾರಿಯುದ್ದಕ್ಕೂ ಬಣವೆಗಳು, ಆಲೆಮನೆಯ ಹೊಗೆ, ಬೇಯುವ ಬೆಲ್ಲದ ಘಮ. ಬರೀ ಹೊಟ್ಟೆಯಲ್ಲಿ ಹೊರಟವನಿಗೆ ಆ ವಾಸನೆ ಒಂದು ಶಿಕ್ಷೆಯೇ ಸರಿ.

ನಾವು ಹೊರಟಿದ್ದು ಹೆಗ್ಗಡದೇವನಕೋಟೆಗೆ, ನಮ್ಮ ಕಡೆಯವರ ಬಾಯಲ್ಲಿ ಬರೀ ಕೋಟೆಗೆ, ನನ್ನ ಅಕ್ಕ ಗಿರಿಜಕ್ಕನ ಮನೆಗೆ. ಭಾವ ತೀರಿಕೊಂಡ ಮೇಲೆ ಅಕ್ಕ ತನ್ನ ದೊಡ್ಡ ಮನೆಯನ್ನು ಕಾಡಂಚಿನ ಹಳ್ಳಿಗಳಿಂದ ಓದಲು ಬರುವ ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟಿದ್ದಳು. ಮಲಗಲು ಜಾಗ, ಎರಡು ಹೊತ್ತು ಮುದ್ದೆ, ಎಲ್ಲವೂ ಧರ್ಮಕ್ಕೆ. ಹಿತ್ತಿಲಿನ ಹಗೇವಿನಲ್ಲಿ, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಳಿಯಲ್ಲಿ, ವರ್ಷಕ್ಕಾಗುವಷ್ಟು ರಾಗಿ ಇಟ್ಟುಕೊಂಡು ನಡೆಸುತ್ತಿದ್ದಳು. ಈ ಸಲ ಹುಡುಗಿಯರು ಹೆಚ್ಚಾದರು, ಹೊಲದ ರಾಗಿ ಸಾಲದಾಯಿತು, ಸಂಕ್ರಾಂತಿಗೇ ಹಗೇವಿನ ತಳ ಕಂಡಿತು. ಶಿವರಾತ್ರಿಯೊಳಗೆ ಅದು ತುಂಬದಿದ್ದರೆ ಪರೀಕ್ಷೆಗೆ ಮೊದಲೇ ಹುಡುಗಿಯರನ್ನೆಲ್ಲ ಊರಿಗೆ ಕಳಿಸಬೇಕು. ಹಾಗೆ ಊರು ಸೇರಿದ ಹುಡುಗಿ ಮತ್ತೆ ಶಾಲೆಗೆ ಬರುವುದುಂಟೆ? ಮದುವೆ ಮಾಡಿ ಕೈ ತೊಳೆದುಕೊಳ್ಳುತ್ತಾರೆ.

"ಊರೂರು ಸುತ್ತಿ ನಾಲ್ಕು ಜನರನ್ನು ಕೇಳೋಣ" ಎಂದು ನಾನು ಹೇಳಿದ್ದಕ್ಕೆ ಅಕ್ಕ ಉರಿದುಬಿದ್ದಿದ್ದಳು. "ಬೇಡೋಕೆ ನಾನು ಹೋಗಲ್ಲ ಕಣೋ ನಂಜುಂಡ. ಏನಾದ್ರೂ ಕೊಟ್ಟು ತಗೋತೀನಿ. ನೀವು ಆಡ್ತೀರಲ್ಲ ಆ ಹಾಕಿ, ಅದನ್ನೇ ಬಂದು ಆಡಿ. ನೋಡೋಕೆ ಬರೋರು ಒಂದೊಂದು ಸೇರು ರಾಗಿ ತರಲಿ." ಅವಳು ಹಟ ಹಿಡಿದರೆ ಮುಗಿಯಿತು. ಹೀಗೆ ಸೇರು ರಾಗಿಯೇ ಟಿಕೆಟ್ಟಾಗಿ, ಪಿರಿಯಾಪಟ್ಟಣದ ತಂಡಕ್ಕೂ ನಮಗೂ ಏಳೇಳು ಜನರ ಪಂದ್ಯ ಗೊತ್ತಾಗಿತ್ತು.

ಹುಣಸೂರಿನಲ್ಲಿ ಇಳಿದು ಇಡ್ಲಿ ಚಟ್ನಿ ತಿಂದೆವು. ನಮ್ಮ ಏಳನೆಯ ಆಟಗಾರ ರಹಮತ್ ಅಲ್ಲಿಯವನೇ. ಗಾಡಿಯ ಚಕ್ರ ಮಾಡುವ ಬಡಗಿ. ಚಕ್ರದ ಕೆಲಸ ಇಲ್ಲದಾಗ ಹಾಕಿ ಕೋಲು ಕೆತ್ತುತ್ತಾನೆ, ಎರಡೂ ಇಲ್ಲದಾಗ ನನ್ನನ್ನು ರೇಗಿಸುತ್ತಾನೆ. "ಅರೆ ಸಾವ್ಕಾರ್ರೆ, ಕೊರಳಿಗೆ ಬೂಟಿನ ಹಾರಾನಾ! ಯಾರ್ ಹಾಕಿದ್ರು? ಮನೇಲಿ ಅಮ್ಮಾವ್ರಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಅವನ ತಾಯಿ ಬಾಗಿಲ ಮರೆಯಿಂದ ಒಂದು ಗಂಟು ನೀಡಿದರು. ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದ ಸೇರು ರಾಗಿ. "ನಂಗೆ ಅಷ್ಟ್ ದೂರ ಬರಕ್ಕಾಗಲ್ಲ ಕಣಪ್ಪ. ಮಗ ಆಡೋದ್ನ ಇಲ್ಲೇ ಕೂತು ನೆನ್ಸ್ಕೋತೀನಿ. ಅಂಗಂತ ಟಿಕೆಟ್ ತಪ್ಪಿಸ್ಬಾರ್ದಲ್ಲ" ಎಂದರು. ನಾನು ಕೈ ಮುಗಿದೆ.

ಅಲ್ಲಿಂದ ಪಿರಿಯಾಪಟ್ಟಣದ ಬಸ್ಸು. ಕೋಟೆಗೆ ಹೋಗುವವರು ಪಿರಿಯಾಪಟ್ಟಣಕ್ಕೆ ಯಾಕೆ ಹೋದಿರಿ, ದಾರಿ ತಪ್ಪಿತೇ ಎಂದು ಯಾರಾದರೂ ಕೇಳಬಹುದು. ಆ ಕಡೆಯ ತಂಡದ ನಾಯಕ ಉತ್ತಯ್ಯನ ಹತ್ತಿರ ಲಾರಿಯಿತ್ತು, ಎರಡೂ ತಂಡವನ್ನು ಅದರಲ್ಲೇ ಕರೆದೊಯ್ಯುವುದಾಗಿ ಹೇಳಿದ್ದ. ಉತ್ತಯ್ಯ ಕೊಡಗಿನವನು, ಪಟ್ಟಣದಾಚೆ ಹೊಗೆಸೊಪ್ಪಿನ ತೋಟ ಮಾಡಿಕೊಂಡಿದ್ದ. ಆರಡಿ ಎತ್ತರ, ಮೆಲುಮಾತು, ಚೆಂಡು ಕಂಡರೆ ಮಾತ್ರ ಬೇರೆಯೇ ಮನುಷ್ಯ.

ಅಂದು ಮಧ್ಯಾಹ್ನ ಅವನ ತೋಟ ನೋಡಿದೆವು. ಸೊಪ್ಪು ಬೇಯಿಸುವ ಎತ್ತರದ ಮಣ್ಣಿನ ಗೂಡುಗಳು ಕೆಲಸ ಮುಗಿಸಿ ತಣ್ಣಗೆ ನಿಂತಿದ್ದವು. ಒಳಗಿನ ಕೊಟ್ಟಿಗೆಯಲ್ಲಿ ಹೆಂಗಸರು ಸಾಲಾಗಿ ಕೂತು ಎಲೆಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದರು: ನಿಂಬೆ ಬಣ್ಣದ್ದು ಒಂದು ಕಡೆ, ಕಿತ್ತಳೆ ಬಣ್ಣದ್ದು ಒಂದು ಕಡೆ, ಚುಕ್ಕಿ ಬಿದ್ದದ್ದು ಮತ್ತೊಂದು ಕಡೆ. "ನೋಡಿ, ಎಲೆ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡಿ" ಎಂದು ಉತ್ತಯ್ಯ ಎಚ್ಚರಿಸಿದ. ನಾನು ಆಗಲೇ ಉಜ್ಜಿಯಾಗಿತ್ತು. ಅಯ್ಯಪ್ಪ, ಆ ಉರಿ! ನಾನು ಬಾವಿಕಟ್ಟೆಯಲ್ಲಿ ಕಣ್ಣಿಗೆ ನೀರೆರಚಿಕೊಳ್ಳುತ್ತ ಕುಣಿಯುವಾಗ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಒಬ್ಬಾಕೆ, "ಪಾಪ, ನಾಡಿದ್ದು ಸೋಲೋದ್ಕೆ ಈಗ್ಲೇ ಅಳ್ತಾವ್ರೆ ಕಣ್ರವ್ವ" ಎಂದಳು. ಸಂಜೆಗೆ ಅಕ್ಕಿರೊಟ್ಟಿ, ಎಳ್ಳಿನ ಚಟ್ನಿ, ಬೆಲ್ಲದ ಕಾಫಿ. ಲೆಕ್ಕವಿಲ್ಲದೆ ತಿಂದು, ಕಂಬಳಿ ಹೊದ್ದು ಮಲಗಿದೆ.

ಮರುದಿನ ಎರಡೂ ತಂಡ ಲಾರಿಯ ಹಿಂದೆ ನಿಂತು ಹೊರಟೆವು. ಹುಣಸೂರು ದಾಟಿ ಕೋಟೆಯ ದಾರಿ ಹಿಡಿದ ಮೇಲೆ ರಸ್ತೆ ಎನ್ನುವುದು ಬರೀ ಹೆಸರಿಗೆ. ಕೆಂಪು ಧೂಳಿಗೆ ಯಾರು ಯಾವ ತಂಡದವರೋ ಗುರುತು ಸಿಗದಾಯಿತು. ಬದಿಯ ಹೊಲಗಳಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು; ಒಬ್ಬ ರೈತ ಲಾರಿ ನಿಲ್ಲಿಸಿ, ನಾವು ಯಾರು ಏನು ಎಂದು ವಿಚಾರಿಸಿ, ಒಂದು ಮಂಕರಿ ಅವರೆಕಾಯಿ ಒಳಗೆ ಸುರಿದು ಹೋದ. ಅದನ್ನು ಬಿಡಿಸುತ್ತಲೇ ಮಿಕ್ಕ ದಾರಿ ಸಾಗಿತು.

ಅಕ್ಕ ಬಾಗಿಲಲ್ಲೇ ಕಾದಿದ್ದಳು. ಹುಡುಗಿಯರು ಕಾಲಿಗೆ ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು. ಅಡಿಗೆಮನೆಯ ಗೋಡೆಗೆ ಒಂದು ಉದ್ದನೆಯ ಹಲಗೆ, ಅದರ ಮೇಲೆ ಹುಡುಗಿಯರ ಕಂಚಿನ ತಟ್ಟೆಗಳು ಅಂಗಾತ ಸಾಲಾಗಿದ್ದವು. ಕೊನೆಯ ಎರಡು ಮಾತ್ರ ಬೋರಲು. "ಅದ್ಯಾಕಕ್ಕ ಹಂಗೆ?" ಎಂದೆ. ಅಕ್ಕ, "ಸರಗೂರು ಕಡೆ ಹುಡುಗೀರು, ಅಕ್ಕ-ತಂಗಿ. ಹಬ್ಬಕ್ಕೆ ಊರಿಗೆ ಹೋದೋರ್ನ ವಾಪಸ್ ಬರಬೇಡಿ ಅಂತ ನಾನೇ ಹೇಳಿ ಕಳಿಸ್ದೆ ಕಣೋ. ಎರಡು ಹೊಟ್ಟೆ ಕಡಿಮೆ ಆದ್ರೆ ಮಿಕ್ಕೋರಿಗೆ ನಾಲ್ಕು ದಿನ ಜಾಸ್ತಿ ಬರುತ್ತೆ ಅಂತ. ಯಾಕಾದ್ರೂ ಹೇಳಿದ್ನೋ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹಿತ್ತಿಲಿಗೆ ಕರೆದೊಯ್ದು ಹಗೇವಿನ ಬಾಯಿಯ ಕಲ್ಲು ಸರಿಸಿ ತೋರಿಸಿದಳು. ಬಗ್ಗಿ ನೋಡಿದೆ. ಕತ್ತಲೆ ಬಿಟ್ಟರೆ ಏನೂ ಕಾಣಲಿಲ್ಲ. ಈ ಗುಳಿ ತುಂಬದೆ ಊರಿಗೆ ಹೋಗಬಾರದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಸಂಜೆ ಮೈದಾನ ನೋಡಲು ಹೋದೆವು. ಹೋಗಿ ನೋಡಿದರೆ, ಶಿವಶಿವಾ!

ಅಕ್ಕ ಕೇರಿಯ ಹೆಂಗಸರಿಗೆ ಇಷ್ಟೇ ಹೇಳಿದ್ದಳಂತೆ: ಊರಾಚೆಯ ಬಯಲು ಆಟಕ್ಕೆ ಬೇಕು, ಅಲ್ಲಿಗೇ ರಾಗಿ ಬರುತ್ತದೆ, ನೆಲ ಚೆನ್ನಾಗಿ ಸಿದ್ಧ ಮಾಡಿಕೊಡಿ. ರಾಗಿ ಬರುವ ನೆಲವನ್ನು ಸಿದ್ಧ ಮಾಡುವ ವಿಧಾನ ಆ ಹೆಂಗಸರಿಗೆ ಗೊತ್ತಿದ್ದದ್ದು ಒಂದೇ. ಕಲ್ಲು ಮುಳ್ಳು ಆಯ್ದು, ಕೆತ್ತಿ, ನೀರು ಹನಿಸಿ, ಎತ್ತು ಕಟ್ಟಿ ತುಳಿಸಿ, ಗುಂಡು ಎಳೆದು, ಇಡೀ ಬಯಲಿಗೆ ಸಗಣಿ ಸಾರಿಸಿ ಅಚ್ಚುಕಟ್ಟಾದ ಒಕ್ಕಣೆಯ ಕಣ ಮಾಡಿಬಿಟ್ಟಿದ್ದರು! ಗೋಲಿನ ಎರಡೂ ಬಾಯಿಗೆ ರಂಗೋಲಿ. ನಟ್ಟನಡುವೆ ಮೇಟಿ, ಅಂದರೆ ಒಕ್ಕುವಾಗ ಎತ್ತುಗಳು ಸುತ್ತುವ ಕಂಬ, ನೆಟ್ಟು, ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಪೂಜೆಯನ್ನೂ ಮಾಡಿ ಮುಗಿಸಿದ್ದರು.

ರಹಮತ್ ಹೊಟ್ಟೆ ಹಿಡಿದುಕೊಂಡು ನಕ್ಕ. ಉತ್ತಯ್ಯ ಮಾತ್ರ ಬಗ್ಗಿ ನೆಲವನ್ನು ಅಂಗೈಯಲ್ಲಿ ಸವರಿ, ಒಂದು ಚೆಂಡು ಉರುಳಿಸಿ ನೋಡಿ, "ನಮ್ಮ ಕಡೆಯೂ ಇಷ್ಟು ಸಮನಾದ ಗ್ರೌಂಡ್ ನಾನು ನೋಡಿಲ್ಲ" ಎಂದ. ಮೇಟಿಯನ್ನು ಒಂದು ದಿನದ ಮಟ್ಟಿಗೆ ಕೀಳಬಹುದೇ ಎಂದು ಕೇಳೋಣವೆಂದು ನಾನು ಬೂಟು ಮೆಟ್ಟಿಕೊಂಡು ಮುಂದೆ ಹೆಜ್ಜೆ ಇಟ್ಟೆ. ಇಡಲಿಲ್ಲ, ಇಡಲು ಹೋದೆ.

"ಏಯ್! ಯಾರ್ಲಾ ಅದು ಕಣಕ್ಕೆ ಮೆಟ್ಟು ಮೆಟ್ಕೊಂಡ್ ಬತ್ತಾ ಇರೋನು?"

ಸಾರಿಸಿದ ಹೆಂಗಸರ ಯಜಮಾನಿ ಪುಟ್ಟಮ್ಮಜ್ಜಿ. ನನ್ನ ಎದೆಮಟ್ಟ ಬರುವ ಮುದುಕಿ. ಮೊಳಕೈವರೆಗೆ ಸಗಣಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. "ಅಜ್ಜಿ, ಇದು ಹಾಕಿ ಆಟದ ಬೂಟು, ಹೊಸದು" ಎಂದೆ. "ಒಸ್ದೋ ಅಳೇದೋ, ಕಾಲಿಗ್ ಆಕೋದು ತಾನೇ? ಕಣಕ್ಕೆ ಬರೋರು ಬರಿಗಾಲಲ್ ಬರ್ಬೇಕು. ಆಟ ಆಡ್ತೀಯೋ, ಆಡು. ಬೂಟಲ್ ಆಡ್ತೀನಿ ಅಂದ್ರೆ ಆಚೆ ರಸ್ತೇಲ್ ಆಡ್ಕೋ ಓಗು." ಮೇಟಿಯ ಮಾತನ್ನು ನಾನು ಎತ್ತಲೇ ಇಲ್ಲ.

ಪಂದ್ಯದ ದಿನ ಬಿಸಿಲು ಹಿತವಾಗಿತ್ತು. ಊಟದ ಹೊತ್ತು ಕಳೆಯುತ್ತಲೇ ಗಾಡಿಗಳು ಬಂದವು, ಜನ ನಡೆದೂ ಬಂದರು, ಆಲದ ಮರದ ಕೊಂಬೆಗಳೂ ತುಂಬಿದವು. ಅಕ್ಕ ಊರ ಕಡೆಯ ದಾರಿಯಲ್ಲಿ ದೊಡ್ಡ ಕುಕ್ಕೆಗಳನ್ನಿಟ್ಟು ಹುಡುಗಿಯರೊಡನೆ ನಿಂತಳು. ಅವಳು ಮರೆತದ್ದು ಒಂದೇ: ಬಯಲಿಗೆ ಬೇಲಿಯೂ ಇಲ್ಲ, ಬಾಗಿಲೂ ಇಲ್ಲ. ಊರಿನವರೇನೋ ಸೇರು ಸುರಿದು ಬಂದರು. ಹಳ್ಳಿಗಳ ಜನ ಹೊಲದ ಕಡೆಯಿಂದ, ಕೆರೆಯ ಏರಿಯಿಂದ, ನಾಲ್ಕೂ ದಿಕ್ಕಿನಿಂದ ಬಂದು ಕೂತೇಬಿಟ್ಟರು. ಟಿಕೆಟ್ಟಿನ ಸಂಗತಿ ಅವರಿಗೆ ಗೊತ್ತೇ ಇಲ್ಲ. ಅವರದು ತಪ್ಪೆನ್ನುವಂತೆಯೂ ಇಲ್ಲ.

ಎರಡೂ ಕಡೆಯವರು ಬರಿಗಾಲಲ್ಲಿ ಇಳಿದೆವು. ನಡುವೆ ಮೇಟಿ ಇದ್ದುದರಿಂದ ಆಟದ ಆರಂಭವನ್ನು ಅದರ ಪಕ್ಕದಲ್ಲೇ ಮಾಡಬೇಕಾಯಿತು. ಶಾಲೆಯ ಡ್ರಿಲ್ ಮೇಷ್ಟ್ರು ಪೀಪಿ ಊದಿದರು. ಪುಟ್ಟಮ್ಮಜ್ಜಿ ನನ್ನ ಗೋಲಿನ ಪಕ್ಕದಲ್ಲೇ ಕೂತು, ತನ್ನ ರಂಗೋಲಿಯನ್ನು ನಾನು ತುಳಿಯದಂತೆ ಕಾಯುತ್ತಿದ್ದಳು. ಚೆಂಡನ್ನು ನೋಡಲೋ, ರಂಗೋಲಿ ನೋಡಲೋ, ಅಜ್ಜಿಯನ್ನು ನೋಡಲೋ! ಸ್ವಲ್ಪ ಹೊತ್ತಿಗೆ ಉತ್ತಯ್ಯ ದೂರದಿಂದ ಬೀಸಿ ಹೊಡೆದ. ಚೆಂಡು ಬಲಕ್ಕೆ ಬರುತ್ತದೆಂದು ನಾನು ಬಲಕ್ಕೆ ಬಿದ್ದೆ; ಅದು ಮೇಟಿಗೆ ಠಣ್ಣೆಂದು ಬಡಿದು ಎಡಕ್ಕೆ ತಿರುಗಿ ಗೋಲಿನೊಳಕ್ಕೆ ಹೋಯಿತು. ಅಜ್ಜಿ ಚಪ್ಪಾಳೆ ತಟ್ಟಿ, ಕಾಳಿನ ಮೊದಲ ಅಳತೆಯನ್ನು ಕೂಗುವ ಹಾಗೆ "ಲಾಭಾ!" ಎಂದು ಕೂಗಿದಳು. ಜನವೆಲ್ಲ ಹೋ ಎಂದಿತು.

ಬಿಡುವಿನ ನಂತರ ರಹಮತ್ ಬೇಕೆಂದೇ ಚೆಂಡನ್ನು ಮೇಟಿಗೆ ಹೊಡೆದು, ಅದು ಚಿಮ್ಮಿ ಬರುವ ಜಾಗದಲ್ಲಿ ತಾನೇ ಹೋಗಿ ನಿಂತು, ಅವರ ಗೋಲಿಗೆ ನೂಕಿದ. "ಎರಡು!" ಎಂದಳು ಅಜ್ಜಿ. "ಅಜ್ಜಿ, ಅದು ನಮ್ಮದು. ನಮಗೆ ಅದೇ ಮೊದಲನೇದು" ಎಂದೆ. "ನಿಮ್ದೇನ್ಲಾ, ಅವರ್ದೇನ್ಲಾ? ಒಂದೇ ಕಣ್ದಾಗ್ ಬಿದ್ದಿದ್ದು ಒಂದೇ ರಾಸಿ" ಎಂದು ನನ್ನ ಬಾಯಿ ಮುಚ್ಚಿಸಿದಳು. ಕೊನೆಗೆ ಉತ್ತಯ್ಯ ಇನ್ನೊಂದು ಹೊಡೆದು "ಮೂರು" ಮಾಡಿದ. ನಾವು ಸೋತೆವು. ಆದರೆ ಸಗಣಿ ಬಳಿದ ನುಣುಪು ನೆಲದ ಮೇಲೆ ಬರಿಗಾಲಲ್ಲಿ ಆಡಿದ ಆ ಆಟದಷ್ಟು ಸುಖವನ್ನು ಯಾವ ಆಟದಲ್ಲೂ ನಾನು ಕಂಡಿಲ್ಲ. ಬಿದ್ದರೂ ಮೊಣಕಾಲು ತರಚಲಿಲ್ಲ.

ಪಂದ್ಯ ಮುಗಿದಾಗ ಹೊತ್ತು ಇಳಿಯುತ್ತಿತ್ತು. ಅಕ್ಕನ ಹತ್ತಿರ ಓಡಿದೆ. ಕುಕ್ಕೆಗಳಲ್ಲಿದ್ದದ್ದು ಹದಿನೈದು ದಿನಕ್ಕೂ ಸಾಲದು. ಅಕ್ಕ ನಗುನಗುತ್ತಲೇ ಜನರಿಗೆ ನಮಸ್ಕಾರ ಮಾಡಿ ಬೀಳ್ಕೊಡುತ್ತಿದ್ದಳು, ಆದರೆ ಕುಕ್ಕೆಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ನಾನಾದ್ರೂ ಕೇಳ್ತೀನಕ್ಕ, ಕೂಗಿ ಹೇಳ್ತೀನಿ" ಎಂದೆ. "ಬೇಡ. ಆಟ ಚೆನ್ನಾಗಿತ್ತು. ಸಾಕು ಬುಡು" ಎಂದಳು. ಎತ್ತುಗಳನ್ನು ಗಾಡಿಗೆ ಹೂಡುತ್ತಿದ್ದರು. ಆ ಗಾಡಿಗಳ ಜೊತೆಗೇ ಆ ಮನೆ, ಆ ತಟ್ಟೆಗಳು ಎಲ್ಲವೂ ಹೊರಟುಹೋಗುತ್ತಿವೆ ಅನಿಸಿ ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಆಗ ಬಯಲ ನಡುವಿನಿಂದ ಕೂಗು ಕೇಳಿತು. ಪುಟ್ಟಮ್ಮಜ್ಜಿ ಮೇಟಿಯನ್ನು ಒಂದು ಕೈಯಲ್ಲಿ ಹಿಡಿದು ನಿಂತಿದ್ದಳು.

"ಎಲ್ಲಿಗ್ ಒಂಟ್ರಲಾ ಎಲ್ಲಾರೂ? ಕಣ್ಣ್ ಕಾಣಕಿಲ್ವಾ? ಸಾರ್ಸಿದ್ ಕಣ ಕಣ್ರಲಾ ಇದು! ಮೇಟಿ ನೆಟ್ಟಿವ್ನಿ, ಪೂಜೆ ಮಾಡಿವ್ನಿ. ಒಂದ್ ಕಾಳೂ ಬೀಳ್ದಂಗೆ ಬರಿದು ಬುಟ್ಟು ಓಯ್ತೀರಾ? ಬರಿದು ಕಣ ಬುಟ್ಟು ಓದೋನ್ ಮನೇಲಿ ಬರೋ ವರ್ಸ ಏನ್ ಬೆಳ್ದಾತು, ಏಳ್ರಲಾ!"

ಹೊರಟ ಜನ ನಿಂತಿತು. ಎಲ್ಲರೂ ತಿರುಗಿ ನೋಡಿದರು. ಅಷ್ಟು ಹೊತ್ತು ಅದು ಆಟದ ಮೈದಾನವಾಗಿತ್ತು. ಈಗ ನೋಡಿದರೆ ಸಂಜೆ ಬಿಸಿಲಲ್ಲಿ ಹೊಳೆಯುವ, ರಾಶಿಯಿಲ್ಲದ, ಬರೀ ಕಣ. ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಂಡರು. ಒಬ್ಬ ಮುದುಕ, "ಊ ಕಣ್ರಪ್ಪ, ಅಜ್ಜಿ ಏಳೋದು ಸರಿ. ಅಂಗ್ ಬುಡ್ಬಾರ್ದು" ಎಂದ. ಅಜ್ಜಿ ನನ್ನತ್ತ ಕೈ ತೋರಿಸಿ, "ಏ ಬೂಟಪ್ಪ, ಮೊದಲ್ನೇ ಅಳ್ತೆ ಯಾರ್ದು? ತಕ್ಕಂಬಾ" ಎಂದಳು.

ರಹಮತ್ ತನ್ನ ಚೀಲದಿಂದ ಬಿಳಿ ಗಂಟನ್ನು ತೆಗೆದು ನಿಧಾನವಾಗಿ ನಡೆದುಹೋದ. "ನಮ್ಮಮ್ಮಂದು ಅಜ್ಜಿ. ಹುಣಸೂರಿಂದ" ಎಂದ. "ತಾಯಿದಾ? ಅಂಗಾರೆ ಅದೇ ಮೊದ್ಲು. ಸುರಿ ಮಗಾ" ಎಂದಳು ಅಜ್ಜಿ. ಮೇಟಿಯ ಬುಡಕ್ಕೆ ಸೇರು ರಾಗಿ ಸುರಿಯಿತು. "ಲಾಭಾ!" ಎಂದು ಅಜ್ಜಿ ಕೂಗಿದಳು, ಈ ಸಲ ಅವಳ ಜೊತೆ ಸುತ್ತಲಿದ್ದವರೆಲ್ಲ ಕೂಗಿದರು. ಅಕ್ಕ ಕುಕ್ಕೆಗಳನ್ನು ತಂದು ಸುರಿದಳು. ಹತ್ತಿರದ ಮನೆಯವರು ಓಡಿಹೋಗಿ ಮೊರದಲ್ಲಿ, ತಪ್ಪಲೆಯಲ್ಲಿ ತಂದರು. ಅಂಗಡಿಗೆ ಹಾಕಲೆಂದು ಗಾಡಿಯಲ್ಲಿ ರಾಗಿ ತಂದಿದ್ದವರು ಮೂಟೆಯ ಬಾಯಿ ಬಿಚ್ಚಿದರು. ದೂರದ ಹಳ್ಳಿಯವರು ಊರ ನೆಂಟರ ಮನೆಗಳಿಗೆ ಹೋಗಿ ಕೈಗಡ ತಂದರು. ಎಲ್ಲರೂ ಚಪ್ಪಲಿ ಆಚೆ ಬಿಟ್ಟು, ಬರಿಗಾಲಲ್ಲಿ. ಉತ್ತಯ್ಯ ಹೆಗಲ ಮೇಲೆ ಮೂಟೆ ಹೊತ್ತು ಓಡಾಡಿದ, ನಾನು ಅಳೆದೆ, ಹುಡುಗಿಯರು ಎಣಿಕೆ ಕೂಗಿದರು. ಎಣಿಕೆ ಎಲ್ಲಿಯೋ ತಪ್ಪಿತು, ಯಾರೂ ಲಕ್ಷ್ಯ ಮಾಡಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ರಾಶಿ ಮೇಟಿಯ ಕುಂಕುಮದವರೆಗೂ ಏರಿತ್ತು.

ಅಕ್ಕ ಅಜ್ಜಿಯ ಸಗಣಿ ಸಾರಿಸಿದ ಕೈ ಹಿಡಿದುಕೊಂಡು ಎಲ್ಲರೆದುರಿಗೇ ಅತ್ತಳು. "ಅಳ್ಬ್ಯಾಡ ಸುಮ್ಕಿರವ್ವ, ರಾಸಿ ಮುಂದೆ ಅಳ್ತಾರಾ?" ಎಂದು ಅಜ್ಜಿ ಗದರಿದಳು. ಗದರುತ್ತ ತಾನೂ ಕಣ್ಣು ಒರೆಸಿಕೊಂಡಳು.

ಮಾರನೆಯ ಬೆಳಗ್ಗೆ ಎರಡೂ ತಂಡ ಸೇರಿ ರಾಗಿ ಹೊತ್ತೆವು. ಒಳಗಿನ ಗಾಳಿ ಕೆಟ್ಟಿದೆಯೋ ಎಂದು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡಿ, ಹುಲ್ಲು ಹಾಸಿ, ಹಗೇವು ತುಂಬಿದೆವು. ಬಾಯಿಯವರೆಗೂ ತುಂಬಿತು. ಕಲ್ಲು ಮುಚ್ಚಿ ಮಣ್ಣು ಮೆತ್ತುವಾಗ ಅಕ್ಕ ನನ್ನ ಮುಖ ನೋಡಿ, "ಆಟದಲ್ಲಿ ಮಾತ್ರ ಒಂದನ್ನಾದ್ರೂ ತಡೀಬಹುದಿತ್ತು ಕಣೋ" ಎಂದಳು. ಅವಳಿಗೆ ಹಾಸ್ಯ ಮಾಡುವ ಉಸಿರು ಬಂದಿತಲ್ಲ ಎಂದು ನನಗೆ ಖುಷಿಯೋ ಖುಷಿ.

ಪಿರಿಯಾಪಟ್ಟಣದವರು, ಅವರೊಡನೆ ರಹಮತ್, ಲಾರಿಯಲ್ಲಿ ಹುಣಸೂರಿನ ಕಡೆ ಹೊರಟರು. ನಾವು ಮೈಸೂರಿನ ಮೇಲೆ ಹೋಗಿ ರೈಲು ಹಿಡಿಯೋಣವೆಂದು, ಕೋಟೆ, ಸರಗೂರು, ಮೈಸೂರಿನ ದಾರಿಗಳು ಕೂಡುವ ಹ್ಯಾಂಡ್‌ಪೋಸ್ಟಿನವರೆಗೆ ಗಾಡಿಯಲ್ಲಿ ಬಂದೆವು. ಹೊರಡುವಾಗ ಪುಟ್ಟಮ್ಮಜ್ಜಿ ನನ್ನ ಟವಲಿನ ತುದಿಗೆ ಒಂದು ಸೇರು ರಾಗಿ ಕಟ್ಟಿದ್ದಳು. ಬೇಡವೆಂದರೆ ಕೇಳಲಿಲ್ಲ. "ಕಣ್ದಾಗ್ ಬೆವ್ರು ಸುರ್ಸ್ದೋನು ಪಾಲು ಇಲ್ದೆ ಓಗ್ಬಾರ್ದು. ಎಂಡ್ರಿಗೆ ಕೊಡು, ಮುದ್ದೆ ಮಾಡ್ಲಿ" ಎಂದಳು.

ಹ್ಯಾಂಡ್‌ಪೋಸ್ಟಿನ ಅಂಗಡಿ ಮುಂದೆ ಟೀ ಕುಡಿಯುತ್ತ ಬಸ್ಸಿಗೆ ಕಾಯುತ್ತಿದ್ದೆವು. ಸರಗೂರಿನ ದಾರಿಯಿಂದ ಒಂದು ಎತ್ತಿನ ಗಾಡಿ ಬಂದು ನಿಂತಿತು. ಹೊಡೆಯುತ್ತಿದ್ದವನು ಬಾಡಿದ ಮುಖದ ರೈತ. ಹಿಂದೆ ಒಂದು ತಗಡಿನ ಪೆಟ್ಟಿಗೆ, ಅದರ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತ ಇಬ್ಬರು ಹುಡುಗಿಯರು.

"ಸಾಮೀ, ಕೋಟೆಯಿಂದ ಬಂದ್ರಾ?" ಎಂದು ಅವನು ಕೇಳಿದ. "ರಾತ್ರಿ ನಮ್ಮೂರ್ ಗಾಡಿಯೋರು ಬಂದು ಏಳುದ್ರು, ಗಿರಿಜಮ್ಮೋರ್ ಅಗೇವ್ ತುಂಬೋವಷ್ಟು ರಾಗಿ ಬಿದ್ದದೆ ಅಂತ. ದಿಟವಾ? ಸುಳ್ಳಾದ್ರೆ ಇಲ್ಲಿಂದ್ಲೇ ಇಂದಕ್ ತಿರುಗುಸ್ತೀನಿ. ಮಕ್ಳು ಇನ್ನೊಂದ್ ಸಲ ಅಳೋದ್ನ ನನ್ ಕೈಲಿ ನೋಡಕ್ಕಾಗಕಿಲ್ಲ."

"ದಿಟ ಕಣಯ್ಯ! ಬೆಳಗ್ಗೆ ನಾನೇ ಈ ಕೈಯಲ್ಲಿ ತುಂಬಿ ಬಂದಿದೀನಿ. ಹೊಡಿ ಗಾಡಿ!" ಎಂದು ಕೂಗಿದೆ.

ಅವನು ಎತ್ತುಗಳನ್ನು ಕೋಟೆಯ ಕಡೆ ತಿರುಗಿಸುವವರೆಗೆ ಕಾಯುವ ತಾಳ್ಮೆಯೂ ಆ ಹುಡುಗಿಯರಿಗೆ ಇರಲಿಲ್ಲ. ದುಮುಕಿ ಇಳಿದು, ಲಂಗ ಎತ್ತಿ ಹಿಡಿದು, ಕೋಟೆಯ ರಸ್ತೆಯಲ್ಲಿ ಓಟ ಕಿತ್ತರು. ಅಷ್ಟರಲ್ಲಿ ನಮ್ಮ ಬಸ್ಸು ಬಂತು. ಹತ್ತಿ ಹಿಂದಿನ ಸೀಟಿಗೆ ಹೋಗಿ, ಟವಲಿನ ರಾಗಿ ಮಡಿಲಲ್ಲಿಟ್ಟುಕೊಂಡು ಕೂತಾಗ ನೋಡಿದೆ, ಬೂಟು ಬರುವಾಗಿನಂತೆಯೇ ಮತ್ತೆ ಕೊರಳಲ್ಲೇ ಇತ್ತು. ಹಿಂದಿನ ಗಾಜಿನಲ್ಲಿ ಇಬ್ಬರೂ ಕಾಣುತ್ತಿದ್ದರು. ಗಾಡಿಯನ್ನು ಎಷ್ಟೋ ಹಿಂದೆ ಹಾಕಿ, ಧೂಳೆಬ್ಬಿಸಿಕೊಂಡು, ಕೈ ಕೈ ಹಿಡಿದು ಓಡುತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಅಕ್ಕನ ಮನೆಯ ಹಲಗೆಯ ಮೇಲೆ ಬೋರಲಾಗಿದ್ದ ಆ ಎರಡು ತಟ್ಟೆ ಕೆಳಗಿಳಿದಿರುತ್ತವೆ.